ಹಗಲು ಮಲಗುವ ಬೀದಿ

“ಮೆತ್ತಗೆ ಮಾತಾಡಿ ಅಕ್ಕಾ, ಈಗಷ್ಟೇ ಎಲ್ಲರಿಗೂ ಕಣ್ಣು ಹತ್ತಿದೆ,” ಎಂದು ಬಾಗಿಲು ತೆರೆದ ಹೆಂಗಸು ಪಿಸುಗುಟ್ಟಿದಳು. ಟೀಚರಮ್ಮ ಚಪ್ಪಲಿ ಕಳಚಿ, ಜನಗಣತಿಯ ಪುಸ್ತಕವನ್ನು ಎದೆಗವಚಿಕೊಂಡು ಒಳಗೆ ಬಂದಳು. ಕಿಟಕಿಗಳಿಗೆ ಕಂಬಳಿ ಬಡಿದಿದ್ದರು. ಹೊರಗೆ ಹನ್ನೊಂದು ಗಂಟೆಯ ಬಿಸಿಲು, ಒಳಗೆ ನೀರಿನಡಿಯ ಮಬ್ಬು. ಗೋಡೆಯಿಂದ ಗೋಡೆಗೆ ಜನ ಮಲಗಿದ್ದರು.

ಪುಸ್ತಕದಲ್ಲಿ ಈ ಮನೆಯ ಮುಂದೆ ‘ಖಾಲಿ’ ಎಂದು ಬರೆದವಳು ಟೀಚರಮ್ಮನೇ. ಬೀದಿಯ ಹನ್ನೆರಡು ಮನೆಗೂ ಅದೇ ಷರಾ. ಮೂರು ಗಣತಿಯಿಂದ ಅವಳದು ಒಂದೇ ಪದ್ಧತಿ: ರಾತ್ರಿ ಎಂಟರ ಮೇಲೆ ಹೋಗುವುದು. ದೀಪ ಹಚ್ಚಿದ ಮೇಲೆ ಈ ಊರಿನಲ್ಲಿ ಹೊರಗಿರುವುದು ನಾಯಿಗಳು ಮಾತ್ರ ಎಂದು ಅವಳ ನಂಬಿಕೆ. ಮೀನು ಕಾರ್ಖಾನೆಯ ರಾತ್ರಿ ಪಾಳಿಗೆ ದೇಶ ಬಿಟ್ಟು ಬಂದವರಿಗೆ ಆ ನಂಬಿಕೆಯಲ್ಲಿ ಜಾಗವಿರಲಿಲ್ಲ. ಇವತ್ತು ಬಸ್ಸಿನಲ್ಲಿ ಹೋಗುತ್ತಿದ್ದಾಗ ಖಾಲಿ ಮನೆಗಳ ಮುಂದೆಲ್ಲ ಒದ್ದೆ ಬಟ್ಟೆ ಕಂಡು, ಅವಳು ಅಲ್ಲೇ ಇಳಿದುಬಿಟ್ಟಿದ್ದಳು.

ಊರಿನ ಜನಸಂಖ್ಯೆ ಹತ್ತು ಸಾವಿರಕ್ಕೆ ನಲವತ್ತೊಂದು ಕಡಿಮೆ ಬಿದ್ದಿತ್ತು. ಅಷ್ಟು ತುಂಬದಿದ್ದರೆ ಹೆರಿಗೆ ವಾರ್ಡು ಮುಚ್ಚುತ್ತದೆ. ಆಮೇಲೆ ಹೆರಿಗೆಗೆ ಮೂರು ಗಂಟೆಯ ದಾರಿ. ಅವಳ ಬಸುರಿ ಮಗಳಿಗೆ ಈಗ ಏಳು ತಿಂಗಳು. ಮೊದಲನೆಯ ಮಗು ಉಳಿದಿರಲಿಲ್ಲ. ಪುಸ್ತಕವನ್ನು ಇವತ್ತು ಸಂಜೆಯೇ ಒಪ್ಪಿಸಬೇಕು.

“ಹೆಸರು ಬರ್ಕೊಂಡು ನಮ್ಮನ್ನ ವಾಪಸ್ ಕಳಿಸ್ತಾರಾ?” ಹೆಂಗಸು ಕೇಳಿದಳು.

“ಇಲ್ಲಮ್ಮ, ಬರೀ ತಲೆ ಎಣಿಸೋದು.” ಅಷ್ಟಕ್ಕೇ ನಿಲ್ಲಿಸಲು ಮನಸ್ಸಾಗದೆ ಟೀಚರಮ್ಮ ವಾರ್ಡಿನ ವಿಷಯ, ಮಗಳ ವಿಷಯ ಎಲ್ಲ ಹೇಳಿಬಿಟ್ಟಳು. “ನೀವು ಇದೀರಿ ಅಂತಾನೇ ನನಗೆ ಗೊತ್ತಿರ್ಲಿಲ್ಲ. ಈಗ ನನಗೆ ಬೇಕಾದಾಗ ಬಂದಿದೀನಿ. ನಾಚಿಕೆ ಆಗುತ್ತೆ.”

ಹೆಂಗಸು ಬಗ್ಗಿ ಹತ್ತಿರದವನ ಭುಜ ಮುಟ್ಟಿದಳು. “ಅಣ್ಣಾ, ಹೆಸರು ಹೇಳಿ ಮಲ್ಕೋ.”

ಒಬ್ಬೊಬ್ಬರೇ ತಲೆಯೆತ್ತಿ, ಹಾಜರಿ ಹೇಳಿದಂತೆ ಹೆಸರು ವಯಸ್ಸು ಹೇಳಿ ಮತ್ತೆ ದಿಂಬಿಗೆ ಬಿದ್ದರು. ಒಬ್ಬ ಕಣ್ಣು ಮುಚ್ಚಿಕೊಂಡೇ ಹೆಂಡತಿಯ ಹೆಸರನ್ನೂ ಹೇಳಿದ. ಆಕೆ ಎಲ್ಲಿ ಎಂದರೆ, “ಇನ್ನೂ ನಮ್ಮೂರಲ್ಲಿ. ಬರ್ತಾಳೆ, ಒಂದು ಸಾಲು ಬಿಟ್ಟಿರಿ,” ಎಂದು ಮಗ್ಗುಲಾದ. ಮುಂದಿನ ಮನೆಗಳಲ್ಲೂ ಹೆಂಗಸು ಮುಂದೆ, ಟೀಚರಮ್ಮ ಹಿಂದೆ. ಯಾರದೋ ಕನಸಿನಿಂದ ಯಾರದೋ ಕನಸಿಗೆ ದಾಟುತ್ತಿರುವಂತೆ ಅವಳಿಗೆ ಅನಿಸಿತು. ತಿರುಗಿ ಬರುವಷ್ಟರಲ್ಲಿ ಎರಡು ಗಂಟೆ. ಪುಸ್ತಕದಲ್ಲಿ ಅರವತ್ಮೂರು ಹೊಸ ಹೆಸರುಗಳಿದ್ದವು.

“ಸಾಕಾಯ್ತಾ ಅಕ್ಕಾ?”

“ಸಾಕಾಗಿ ಮಿಕ್ಕಿತು.” ಟೀಚರಮ್ಮ ಪುಸ್ತಕ ಮುಚ್ಚಿದಳು.

“ನಮ್ಮ ಮನೇಲಿ ಇನ್ನು ಮೂರು ತಿಂಗಳಿಗೆ ಇನ್ನೊಂದು ತಲೆ ಬರುತ್ತೆ,” ಎಂದು ಹೆಂಗಸು ಸಡಿಲ ಅಂಗಿಯ ಮೇಲೆ ಕೈಯಿಟ್ಟಳು.

“ಹುಟ್ಟೋ ಮೊದಲು ಬರೆಯೋ ಹಾಗಿಲ್ಲ.”

“ನಿಮ್ಮ ಮೊಮ್ಮಗೂನ?”

“ಅದನ್ನೂ ಇಲ್ಲ.” ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಟೀಚರಮ್ಮ ಕೇಳಿದಳು, “ಬಾಣಂತನಕ್ಕೆ ಯಾರಮ್ಮ?”

“ಅಮ್ಮ ಸಮುದ್ರದಾಚೆ. ಇಲ್ಲಿ ಮಲಗಿರೋ ಇವರೇ.”

“ನೀನು ಯಾವಾಗ ಮಲಗೋದು?”

“ನಾನು ಮಲಗಿದ್ರೆ ಐದಕ್ಕೆ ಇವರನ್ನೆಲ್ಲ ಎಬ್ಬಿಸೋರು ಯಾರು?”

“ನಾನು ಎಬ್ಬಿಸ್ತೀನಿ. ಆಫೀಸು ಆರರ ತನಕ ಇರುತ್ತೆ. ಮಲ್ಕೋ.”

ಹೆಂಗಸು ಬೇಡವೆನ್ನಲು ಹೋದಳು. ಬಾಯಿಗೆ ಬಂದದ್ದು ಆಕಳಿಕೆ. ಬಾಗಿಲ ಪಕ್ಕದ ಹಾಸಿಗೆಯಲ್ಲಿ ಮಗ್ಗುಲಾದ ಚಣದಲ್ಲೇ ನಿದ್ದೆ ಹೋದಳು. ಸಂದಿಯಿಂದ ಬಿಸಿಲಿನ ಗೆರೆಯೊಂದು ಅವಳ ಮುಖದತ್ತ ಸರಿಯುತ್ತಿತ್ತು. ಟೀಚರಮ್ಮ ಸದ್ದಾಗದಂತೆ ಸ್ಟೂಲು ಎತ್ತಿ ತಂದು, ಆ ಗೆರೆಗೆ ಅಡ್ಡವಾಗಿ ಕೂತಳು.