ಜಪಾನಿನ ಪುಸ್ತಕಕ್ಕೆ ನಾನು ಹೇಳಿದ ಅರ್ಥ

ನನ್ನದು ಸುಮ್ಮನಿರುವ ಬಾಯಿ ಅಲ್ಲ, ಪಾಣೆಮಂಗಳೂರಿನವರಿಗೆಲ್ಲ ಅದು ಗೊತ್ತು. ತಾಳಮದ್ದಳೆ ಎಲ್ಲಿದ್ದರೂ ಅಪ್ಪನ ಬೆನ್ನಿಗೆ ಬಿದ್ದು ಹೋಗಿ, ವೇಷವಿಲ್ಲದೆ ಕೂತಲ್ಲೇ ಮಾತಿನಿಂದ ಪಾತ್ರ ಕಟ್ಟುವ ಅರ್ಥಧಾರಿಗಳನ್ನು ಕೇಳಿ ಬೆಳೆದವಳು ನಾನು. ಹಾಗಾಗಿ ಎಪ್ಪತ್ತೊಂಬತ್ತರಲ್ಲಿ, ನಾನು ಹತ್ತನೆಯಲ್ಲಿದ್ದಾಗ, ಆಯಿಶಮ್ಮ ಜಪಾನಿನ ಪುಸ್ತಕ ತಂದದ್ದೇ ತಂದದ್ದು, ಅದಕ್ಕೆ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆಯಿಶಮ್ಮ ನನ್ನ ಬೆಂಚಿನವಳು. ಅವಳ ಅಣ್ಣ ಇಬ್ರಾಹಿಂ ಖಲೀಲ್ ಹಡಗಿನಲ್ಲಿ ಅಡುಗೆ ಮಾಡುವವ. ಊರಿಗೆ ಬರುವಾಗ ಪಿಂಗಾಣಿ ಬಸಿ ಒಡೆಯದ ಹಾಗೆ ಪೆಟ್ಟಿಗೆಯ ಸಂದಿಗೆ ತುರುಕಿದ್ದ ಪುಸ್ತಕ ಅದು. ಪಂಚಾಂಗಕ್ಕಿಂತ ದಪ್ಪ, ಒರಟು ಕಾಗದ, ಪುಟ ತುಂಬ ಚಿತ್ರ. ಹೈಸ್ಕೂಲಿನ ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರಿಗೂ ಗೋಲಿಯ ಹಾಗೆ ಹೊಳೆಯುವ ದೊಡ್ಡ ಕಣ್ಣು. ಅಕ್ಷರ ಒಂದೂ ನಮಗೆ ತಿಳಿಯದು. ತಿಳಿಯದಿದ್ದರೆ ಏನಂತೆ? ಮಧ್ಯಾಹ್ನ ಬುತ್ತಿ ಉಂಡು ನಾನು ಶುರುಮಾಡಿದರೆ ಹುಡುಗಿಯರೆಲ್ಲ ಸುತ್ತ ಕೂರುತ್ತಿದ್ದರು.

ಆಹಾ, ಏನು ಚಂದ ಆ ಪುಸ್ತಕ! ಅವಳು ತಲೆಯೆತ್ತಿದರೆ ಸಾಕು, ಒಂದಿಡೀ ಪುಟ. ಅವನು ಕೊಡೆ ಬಿಡಿಸಿದರೆ ಎರಡು ಪುಟ. ನಮ್ಮ ಮುಖವನ್ನು ಅಷ್ಟು ಹೊತ್ತು ಯಾರು ನೋಡಿದ್ದರು? ಮನೆಯಲ್ಲಿ ನಮ್ಮ ಕಡೆ ತಿರುಗುವುದು ದನಕ್ಕೆ ಹುಲ್ಲು ಹಾಕಿದೆಯಾ ಎಂದು ಕೇಳಲಿಕ್ಕೆ ಮಾತ್ರ.

ಕತೆ ಮಾತ್ರ ಅಳುವಂಥದ್ದು. ಮೊದಲು ಇಬ್ಬರೂ ಒಂದೇ ಕೊಡೆಯಡಿ ನಗುತ್ತಾರೆ. ಆಮೇಲೆ ಅವಳು ಶಾಲೆಯ ಬಾಗಿಲಲ್ಲಿ ಅವನ ಬೂಟಿನೊಳಗೆ ಚೀಟಿ ಇಡುತ್ತಾಳೆ. ಕೊನೆಗೆ ಗುರುತೇ ಇಲ್ಲದವರ ಹಾಗೆ ಬೇರೆ ಬೇರೆ ಬೆಂಚು. ನಾನು ವಿರಹದ ಅರ್ಥ ಹೇಳಿ ಹೇಳಿ ಎಲ್ಲರನ್ನೂ ಅಳಿಸಿದೆ. ಹದಿನೈದು ದಿನವಾದ ಮೇಲೆ ಆಯಿಶಮ್ಮ ಮೆಲ್ಲ, "ಮಾರಾಯ್ತಿ, ನಮ್ಮ ಮದರಸದ ಕಿತಾಬಿನ ಹಾಗೆ ಇದನ್ನು ಬಲದಿಂದ ತೆರೆಯಬೇಕೋ ಏನೋ" ಎಂದಳು. ತೆರೆದೆವು. ಹೌದು! ಗುರುತಿಲ್ಲದವರು ಮೊದಲು, ಆಮೇಲೆ ಚೀಟಿ, ಕೊನೆಗೆ ಕೊಡೆ. ಚೀಟಿ ಇಟ್ಟರೆ ಕೊಡೆ ಸಿಗುತ್ತದೆ ಎಂದು ನನ್ನ ಮಂಡೆಯಲ್ಲಿ ಕೂತದ್ದು ಆವಾಗ.

ನಮ್ಮ ತರಗತಿಯ ಶಿವಸುಬ್ರಹ್ಮಣ್ಯ ನನ್ನ ಮನಸ್ಸಿನಲ್ಲಿದ್ದ. ಅವನಿಗೆ ಅದು ಗೊತ್ತಿರಲಿಲ್ಲ. ಶುಕ್ರವಾರ ಶಾಲೆಯ ಶಾರದಾ ಭಜನೆಗೆ ಎಲ್ಲರೂ ಜಗಲಿಯಲ್ಲಿ ಚಪ್ಪಲಿ ಬಿಡುವ ಕ್ರಮ. ನೀಲಿ ಬಾರಿನ ಹವಾಯಿ, ಬಾರು ಕಿತ್ತಲ್ಲಿ ಪಿನ್ನು, ಅದು ಅವನದ್ದು. ಚೀಟಿ ಬರೆದು, ಕೆಳಗೆ ಕಾಂತಿ ಎಂದು ಹೆಸರನ್ನೂ ಬರೆದು, ಎಂಥ ಬುದ್ಧಿವಂತೆ ನಾನು, ಬಾರಿನಡಿ ಸಿಕ್ಕಿಸಿ ಭಜನೆಗೆ ಹೋದೆ. ಪಿನ್ನು ಹಾಕದ ಹವಾಯಿ ಆ ಕಾಲದಲ್ಲಿ ಯಾರ ಕಾಲಲ್ಲಿತ್ತು? ಆ ಚಪ್ಪಲಿ ಕನ್ನಡದ ರುಕ್ಮಯ್ಯ ಮಾಷ್ಟ್ರದ್ದು.

ಹೊರಗೆ ಬಂದಾಗ ಅವರು ಒಂಟಿ ಕಾಲಿಗೆ ಚಪ್ಪಲಿ ಹಾಕಿ ನಿಂತು ಓದುತ್ತಿದ್ದರು. ಹೆದರಿದ್ದು ಪೆಟ್ಟಿಗಲ್ಲ. ಅಕ್ಕ ಶಶಿಪ್ರಭಾ ಬಸ್ಸಿನ ಕಂಡಕ್ಟರನ ಹತ್ತಿರ ನಕ್ಕಳೆಂದು ಯಾರೋ ಹೇಳಿದ್ದಕ್ಕೆ ಅಪ್ಪ ಮರುದಿನವೇ ಅವಳ ಶಾಲೆ ಬಿಡಿಸಿದ್ದರು. ಈ ಚೀಟಿ ಮನೆಗೆ ಮುಟ್ಟಿದರೆ ನನಗೂ ಪರೀಕ್ಷೆಯಿಲ್ಲ, ಮುಂದಿನ ಓದಿಲ್ಲ, ಟೀಚರಾಗುವ ಆಸೆಯೂ ಅಲ್ಲಿಗೇ ಮುಗಿಯಿತು. ಆಯಿಶಮ್ಮ ಭಜನೆಗೆ ಒಳಗೆ ಬರುತ್ತಿರಲಿಲ್ಲ, ಜಗಲಿಯ ತುದಿಯಲ್ಲೇ ಕೂತಿದ್ದಳು. ಅವಳು ಎದ್ದು, ಪುಸ್ತಕ ಹಿಡಿದು, ಮಾಷ್ಟ್ರ ಹಿಂದೆ ಸ್ಟಾಫ್ ರೂಮಿಗೆ ಹೋದದ್ದನ್ನು ಕಂಡೆ. ಅಷ್ಟು ಮಾತಿನ ನಾನು ಕಂಬದ ಹಿಂದೆ ಅಡಗಿದೆ.

ಸ್ವಲ್ಪ ಹೊತ್ತಿನಲ್ಲಿ ಅವಳು ಬಂದಳು. ಆ ಚೀಟಿ ಪುಸ್ತಕದ ಹುಡುಗಿಯ ಪಾತ್ರಕ್ಕೆ ಕಾಂತಿ ಬರೆದ ಅರ್ಥ ಎಂದು ಹೇಳಿದ್ದಾಳಂತೆ. ಪುಸ್ತಕ ತೋರಿಸಿ ಅವರ ಹತ್ತಿರವೇ ಬಿಟ್ಟಿದ್ದಾಳಂತೆ. ಮಾಷ್ಟ್ರು ನಂಬಿದರಂತೆ.

ಸೋಮವಾರ ಮಾಷ್ಟ್ರು ಕರೆದರು. ಅವರೂ ತಾಳಮದ್ದಳೆಯಲ್ಲಿ ಅರ್ಥ ಹೇಳುವವರೇ. "ಹುಡುಗಿಯ ಅರ್ಥ ಚಂದ ಉಂಟು" ಎಂದರು. "ಆದರೆ ಎದುರು ಮಾತಾಡುವವ ಎಲ್ಲಿ? ಹುಡುಗ ಏನು ಹೇಳ್ತಾನೆ, ಮನೆಯವರು ಏನು ಹೇಳ್ತಾರೆ? ಅದನ್ನೂ ಬರೆದುಕೊಂಡು ಬಾ."

ಬರೆಯಲು ಕೂತಾಗ ಪುಸ್ತಕದ ಹುಳುಕು ಕಂಡಿತು. ಅಷ್ಟು ದಪ್ಪ ಪುಸ್ತಕದಲ್ಲಿ ಅಪ್ಪ ಇಲ್ಲ, ಅಮ್ಮ ಇಲ್ಲ, ಜಾತಿ ಇಲ್ಲ, ಅವಳು ಒಂದು ತಟ್ಟೆ ತೊಳೆದದ್ದಿಲ್ಲ. ಕೊಡೆ ಸಿಕ್ಕಿದಲ್ಲಿಗೆ ಎಲ್ಲ ಮುಗಿಯಿತು. ಅಮ್ಮನ ಮಾತು ಸರಾಗ ಬಂತು, ದಿನಾ ಕೇಳುವುದೇ ತಾನೆ. ಹುಡುಗನ ಮಾತಿಗೆ ಬಂದರೆ ಒಂದು ವಾಕ್ಯವೂ ಇಲ್ಲ. ಶಿವಸುಬ್ರಹ್ಮಣ್ಯ ಯಾವುದಕ್ಕೆ ನಗುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ, ನನಗೇನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಚಪ್ಪಲಿ ಮಾತ್ರ, ಅದೂ ತಪ್ಪು. ಹುಡುಗನ ಪಾಲಿನ ಹಾಳೆಯನ್ನು ಖಾಲಿಯೇ ಕೊಟ್ಟೆ. ಮಾಷ್ಟ್ರು ಅದನ್ನು ನೋಡಿ ತಲೆಯಾಡಿಸಿ, ಚೀಟಿಯನ್ನು ನನ್ನ ಕೈಗೇ ಕೊಟ್ಟರು, ಪುಸ್ತಕವನ್ನು ಆಯಿಶಮ್ಮನಿಗೆ ವಾಪಸು ಮಾಡಿದರು. ಮನೆಗೆ ಸುದ್ದಿ ಮುಟ್ಟಲೇ ಇಲ್ಲ.

ನಾನು ಓದಿದೆ. ಈಗ ಎಂಬತ್ತೆಂಟನೆಯ ಇಸವಿ, ಮೂಡುಬಿದಿರೆಯ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಆಯಿಶಮ್ಮನಿಗೆ ಹತ್ತನೆ ಮುಗಿದದ್ದೇ ಮದುವೆ. ಕಳೆದ ರಜೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಆ ದಿನ ನಿನ್ನ ಸುಳ್ಳು ನನ್ನನ್ನು ಉಳಿಸಿತು ಎಂದೆ. ಅವಳು ಚಹಾ ಸೋಸುತ್ತಾ ನಕ್ಕಳು. ಮಾಷ್ಟ್ರು ಆ ಸುಳ್ಳನ್ನು ನಂಬಿರಲೇ ಇಲ್ಲವಂತೆ. ನಿಜ ಹೇಳು ಎಂದದ್ದಕ್ಕೆ ಇವಳು ನಿಜವನ್ನೇ ಹೇಳಿದ್ದಳಂತೆ.

"ಎಂಥ ಹೇಳಿದೆ?"

"ನನ್ನ ಶಾಲೆ ಹೇಗೂ ಎಪ್ರಿಲಿಗೆ ಮುಗೀತದೆ ಮಾಷ್ಟ್ರೆ, ಇವಳದ್ದಾದರೂ ಮುಂದೆ ಹೋಗಲಿ, ಅಂತ."

ಒಂಬತ್ತು ವರ್ಷ ಅದನ್ನು ನನ್ನ ಹತ್ತಿರ ಹೇಳಿರಲಿಲ್ಲ. ನಾನು ಅತ್ತುಬಿಟ್ಟೆ. ನೀನಿಲ್ಲದಿದ್ದರೆ ನಾನು ಅಕ್ಕನ ಹಾಗೆ ಒಲೆಯ ಮುಂದೆ ಇರುತ್ತಿದ್ದೆ ಎಂದೆ. ಚಹಾ ಆರ್ತದೆ, ಕುಡಿ ಎಂದಳು.

ಅವಳ ಮಗಳು, ಒಂದನೆ ತರಗತಿಯವಳು, ಅದೇ ಪುಸ್ತಕ ಹಿಡಿದು ಬಂದು ಅರ್ಥ ಹೇಳಿ ಟೀಚರ್ ಎಂದು ತೊಡೆಯೇರಿ ಕೂತಳು. ಬಲದಿಂದಲೇ ತೆರೆದಳು. ಚೀಟಿ ಇಡುವ ಚಿತ್ರ ಬಂತು. ಬಾಗಿಲ ಮೂಲೆಯಲ್ಲಿ ಇನ್ನೊಬ್ಬಳು ಹುಡುಗಿ ಎರಡು ಬ್ಯಾಗು ಹಿಡಿದು ಕಾಯುತ್ತಾ ನಿಂತಿದ್ದಾಳೆ, ಒಂದು ತನ್ನದು, ಒಂದು ಗೆಳತಿಯದು. ಚಿತ್ರ ಬರೆದವರು ಅವಳಿಗೆ ಕಣ್ಣನ್ನೂ ಸರಿಯಾಗಿ ಬರೆದಿಲ್ಲ. ಅಷ್ಟು ಸಲ ಅರ್ಥ ಹೇಳಿದ ನಾನು ಒಂದು ದಿನವೂ ಅವಳನ್ನು ಕಂಡಿರಲಿಲ್ಲ.

ಇವಳು ಯಾರು ಎಂದು ಮಗು ಬೆರಳಿಟ್ಟು ಕೇಳಿತು.

"ಕತೆ ಇವಳದ್ದೇ" ಎಂದು ಶುರುಮಾಡಿದೆ.