ತಾರಸಿಯ ಮೇಲಿನ ನೆರಳು

ಹೊಸ ವಸ್ತುವೊಂದು ಕೈಕೊಟ್ಟಾಗ ಅದನ್ನು ತಂದವರನ್ನು ಬೈಯುತ್ತೀರಿ, ಮಾರಿದವರನ್ನು ಬೈಯುತ್ತೀರಿ. ಅದನ್ನು ನೀವು ಹೇಗೆ ನಡೆಸಿಕೊಂಡಿರಿ ಎಂದು ಒಮ್ಮೆಯಾದರೂ ನಿಮ್ಮನ್ನೇ ಕೇಳಿಕೊಂಡಿದ್ದೀರಾ? ಕೇಳಿಕೊಂಡಿದ್ದರೆ ಈ ಕಥೆಯನ್ನು ಹೇಳಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ.

ನಾಲ್ಕು ಅಂತಸ್ತಿನ ಒಂದು ಹಳೆಯ ಕಟ್ಟಡ. ಅದರ ನೆಲಮಹಡಿಯಲ್ಲಿ, ಹಿಂಬದಿಯ ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಐದು ವರ್ಷದ ಮೊಮ್ಮಗಳು. ಮಗನಿಗೆ ಬೇಕರಿಯಲ್ಲಿ ಕೆಲಸ. ಸೊಸೆಯ ಕೆಲಸ ಬೇರೆಯವರ ತಾರಸಿಗಳ ಮೇಲೆ: ತರಬೇತಿ ಪಡೆದು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಸೌರಫಲಕಗಳನ್ನು ಜೋಡಿಸುವವಳು. ಮೊಮ್ಮಗಳಿಗೆ ಉಬ್ಬಸ.

ಕರೆಂಟು ಹೋದಾಗಲೆಲ್ಲ ಆ ಮನೆಯ ಕಿಟಕಿಯ ಕೆಳಗೇ ಡೀಸೆಲ್ ಜನರೇಟರ್ ಗುಡುಗುತ್ತಿತ್ತು. ಮೇಲಿನ ಮಹಡಿಗಳಿಗೆ ಅದು ಬೆಳಕು ಕೊಡುತ್ತಿತ್ತು, ಕೆಳಗಿನ ಮಗುವಿಗೆ ಹೊಗೆ ಕೊಡುತ್ತಿತ್ತು. ಹತ್ತು ಮನೆಯವರ ಅನುಕೂಲಕ್ಕೆ ಒಂದು ಮಗುವಿನ ಎದೆ ಬೆಲೆ ತೆರುವುದು ಯಾವ ನ್ಯಾಯ? ಸೊಸೆ ಈ ಪ್ರಶ್ನೆಯನ್ನು ಹಿಡಿದುಕೊಂಡೇ ಪ್ರತಿಯೊಂದು ಬಾಗಿಲನ್ನೂ ತಟ್ಟಿದಳು. ಈಚಿನ ವರ್ಷಗಳಲ್ಲಿ ಫಲಕಗಳ ಬೆಲೆ ಬಹಳವಾಗಿ ಇಳಿದಿದೆ, ಪದೇ ಪದೇ ನೀರು ತುಂಬುವ ಗೋಜಿಲ್ಲದ ಬ್ಯಾಟರಿಗಳು ಬಂದಿವೆ, ತನ್ನಂಥ ಎಷ್ಟೋ ಹೆಣ್ಣುಮಕ್ಕಳು ಸ್ಪ್ಯಾನರ್ ಹಿಡಿದು ಏಣಿ ಹತ್ತುತ್ತಿದ್ದಾರೆ ಎಂದು ತಿಳಿಸಿ ಹೇಳಿದಳು. ಕೊನೆಗೆ ಕಟ್ಟಡದ ತಾರಸಿಗೆ ಫಲಕಗಳ ಸಾಲು ಬಂತು. ಜನರೇಟರ್ ಶೆಡ್ಡು ಸೇರಿತು. ಮಗು ಕಿಟಕಿ ತೆರೆದಿಟ್ಟು ಮಲಗತೊಡಗಿತು.

ಕೆಲವು ತಿಂಗಳು ಎಲ್ಲವೂ ಸುಸೂತ್ರವಾಗಿತ್ತು. ಆಮೇಲೆ ಬ್ಯಾಟರಿ ಬೇಗ ಬೇಗ ಬರಿದಾಗತೊಡಗಿತು. ಒಂದು ಸಂಜೆ ಮಗುವಿಗೆ ಉಸಿರು ಕಟ್ಟಿ, ಔಷಧಿಯನ್ನು ಆವಿ ಮಾಡಿ ಕೊಡುವ ನೆಬ್ಯುಲೈಸರ್ ಹಾಕಿದ್ದಾಗಲೇ ಕರೆಂಟು ಹೋಯಿತು, ಬ್ಯಾಟರಿಯೂ ಕೈಚೆಲ್ಲಿತು. ಯಂತ್ರ ಅರ್ಧಕ್ಕೇ ನಿಂತಿತು. ಮಗ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಮಗು ಚೇತರಿಸಿಕೊಂಡಿತು, ಮನೆಯವರ ಮನಸ್ಸು ಚೇತರಿಸಿಕೊಳ್ಳಲಿಲ್ಲ.

“ನೋಡಿದ್ಯೇನೇ ನಿನ್ನ ಸೋಲಾರಿನ ಚೆಂದ?” ಎಂದರು ಅಜ್ಜಿ.

“ಎಲ್ಲೋ ತಪ್ಪಾಗಿದೆ ಅತ್ತೆ. ವೈರು ನೋಡಿದೆ, ಬ್ಯಾಟರಿ ನೋಡಿದೆ, ಎರಡೂ ಸರಿಯಿದೆ.”

“ಎಲ್ಲಾ ಸರಿ ಇದ್ದು ಕತ್ತಲಾಗುತ್ತಾ? ಹೊಗೆ ಬಂದ್ರೆ ಕಿಟಕಿ ಮುಚ್ಕೋಬಹುದು. ಕರೆಂಟೇ ಇಲ್ದಿದ್ರೆ ಆ ಮೆಷಿನ್ನಿಗೆ ನಾನು ಬಾಯಲ್ಲಿ ಊದ್ಲಾ?”

“ಹೊಗೆ ಕುಡಿದೇ ಅಲ್ವಾ ಅತ್ತೆ ಮಗು ಆ ಮೆಷಿನ್ ಹಿಡಿಯೋ ಹಾಗಾಗಿದ್ದು?”

“ನಂಗೆ ವಾದ ಬೇಡ. ಭಾನುವಾರ ಮೀಟಿಂಗಿದೆ. ನನ್ನ ಕೈ ಜನರೇಟರಿಗೇ ಏಳೋದು. ಈಗಲೇ ಹೇಳಿಬಿಟ್ಟಿದ್ದೀನಿ.”

ಜನರೇಟರನ್ನು ಮತ್ತೆ ಅದೇ ಕಿಟಕಿಯ ಕೆಳಗೆ ತಂದು ನಿಲ್ಲಿಸಬೇಕೇ ಎಂದು ತೀರ್ಮಾನಿಸಲೆಂದೇ ಕರೆದ ಸಭೆ ಅದು. ಮೆಟ್ಟಿಲ ಬಳಿ ಮೊದಲ ಮಹಡಿಯ ಟೈಲರ್ ಎದುರಾದ.

“ಏನಮ್ಮಾ, ಊರಿಗೆಲ್ಲ ಸೋಲಾರ್ ಹಾಕ್ತೀಯ, ನಮ್ಮ ಬಿಲ್ಡಿಂಗಿಂದು ದೀಪ ಹಚ್ಚೋ ಹೊತ್ತಿಗೇ ಆಕಳಿಸುತ್ತಲ್ಲಾ?”

“ಕಾರಣ ಹುಡುಕ್ತೀನಿ ಟೈಲರಣ್ಣ.”

“ಹುಡುಕು ಹುಡುಕು. ಬೇಕಾದ್ರೆ ಟಾರ್ಚು ನಾನೇ ಕೊಡ್ತೀನಿ. ಕತ್ತಲಲ್ಲಿ ಪ್ಯಾಂಟಿಗೆ ಮೂರನೇ ಕಾಲು ಹೊಲಿದ್ರೆ ಗಿರಾಕಿ ಕೇಳೋದು ನನ್ನನ್ನ, ನಿನ್ನನ್ನಲ್ಲ.”

ಅವನ ಮಾತಿನಲ್ಲಿ ಕುಹಕವಿತ್ತು, ಆದರೆ ಕಷ್ಟವೂ ನಿಜವಾಗಿತ್ತು. ಸೊಸೆ ಆ ಕುಹಕವನ್ನು ನುಂಗಿಕೊಂಡಳು. ಒಂದು ವಿಷಯ ಮಾತ್ರ ಅವಳಿಗೆ ಹೊಳೆಯಿತು: ಬೆಳಿಗ್ಗೆ ಕೆಲಸಕ್ಕೆ ಹೊರಟರೆ ತಾನು ಮನೆ ಸೇರುವುದು ಹೊತ್ತು ಮುಳುಗಿದ ಮೇಲೆ. ತನ್ನದೇ ಕಟ್ಟಡದ ತಾರಸಿಯನ್ನು ಹಗಲಿನಲ್ಲಿ ನೋಡಿ ಎಷ್ಟು ಕಾಲವಾಯಿತು? ಶನಿವಾರ ಅವಳು ರಜೆ ಹಾಕಿದಳು. ಬಿಸಿಲು ನೆತ್ತಿಗೇರಿದಾಗ ತಾರಸಿಯ ಬಾಗಿಲು ತೆರೆದಳು.

ತೆರೆದವಳು ಅಲ್ಲೇ ನಿಂತಳು. ಫಲಕಗಳ ಸಾಲಿನ ತುದಿಯಲ್ಲಿ ಟೈಲರನ ಒದ್ದೆ ಬಟ್ಟೆಯ ತುಂಡುಗಳು. ಇನ್ನೊಂದೆಡೆ ಯಾರದೋ ಮನೆಯ ಹೊದಿಕೆಗಳು. ತಂತಿಯ ಮೇಲೆ ತೂಗುತ್ತಿದ್ದ ಬಟ್ಟೆಗಳ ನೆರಳು ಮಿಕ್ಕವುಗಳ ಮೇಲೆ. ಗಾಜಿನ ಮೇಲೆಲ್ಲ ದಪ್ಪಗೆ ಧೂಳು. ನಟ್ಟನಡುವೆ ನೀಲಿ ಅಂಚಿನ ಒಂದು ಪುಟ್ಟ ಹಾಸಿಗೆ. ಅದು ಅವಳ ಮಗಳ ಹಾಸಿಗೆ. ಆ ಅಂಚನ್ನು ಹೊಲಿದದ್ದು ಅವಳ ಅತ್ತೆ.

ಯಾರಿಗೂ ಕೇಡು ಮಾಡುವ ಉದ್ದೇಶವಿರಲಿಲ್ಲ. ಆದರೆ ಕೇಳಿ ತಿಳಿಯುವ ಶ್ರದ್ಧೆಯೂ ಇರಲಿಲ್ಲ. ಕೆಟ್ಟ ಮನಸ್ಸು ಮಾಡುವಷ್ಟೇ ಹಾನಿಯನ್ನು ಅಲಕ್ಷ್ಯವೂ ಮಾಡುತ್ತದೆ. ಅದಕ್ಕೆ ನಾಚಿಕೆ ಮಾತ್ರ ಇರುವುದಿಲ್ಲ.

ಹಾಸಿಗೆಯನ್ನು ಮಗುಚಿ ಹಾಕಲು ಅಜ್ಜಿಯೇ ಮೇಲೆ ಬಂದರು. “ಏನೇ, ಕೆಲಸಕ್ಕೆ ಹೋಗ್ಲಿಲ್ವಾ?”

“ಅತ್ತೆ, ಇದನ್ನ ಇಲ್ಲಿ ಯಾಕೆ ಹಾಕಿದ್ರಿ?”

“ಮಗುವಿನ ಹಾಸಿಗೆ ಚೆನ್ನಾಗಿ ಬಿಸಿಲಿಗೆ ಹಾಕಿ ಅಂತ ಡಾಕ್ಟ್ರೇ ಹೇಳಿದ್ದಾರಲ್ಲ! ನೆಲದ ಮೇಲೆ ಹಾಕಿದ್ರೆ ಮಣ್ಣಾಗುತ್ತೆ. ಇದು ನುಣ್ಣಗಿದೆ, ಕಾದ ಹಂಚಿನ ಹಾಗೆ ಬಿಸಿ ಇದೆ. ನಿನ್ನ ಸೋಲಾರಿಂದ ಆದ ಉಪಕಾರ ಅಂದ್ರೆ ಇದೊಂದೇ ಕಣೇ.”

“ಬಿಸಿಲನ್ನೆಲ್ಲ ಹಾಸಿಗೆ ತಗೊಂಡ್ರೆ ಸೋಲಾರಿಗೆ ಏನು ಉಳೀತು ಅತ್ತೆ?”

“ಒಂದು ಹಾಸಿಗೆಯಷ್ಟು ಜಾಗ ಹೋದ್ರೆ ಏನು ಮುಳುಗಿಹೋಗುತ್ತೆ? ಮಿಕ್ಕಿದ್ದು ಕೆಲಸ ಮಾಡಲಿ.”

“ಎಲ್ಲಾ ಒಂದೇ ಸಾಲಿಗೆ ಸೇರಿಸಿರೋದು ಅತ್ತೆ. ಬಾವಿಯಿಂದ ಕೈಯಿಂದ ಕೈಗೆ ಬಕೆಟ್ ದಾಟಿಸ್ತಾರಲ್ಲ, ಹಾಗೆ. ನಡುವೆ ಒಬ್ಬರು ಕೈಕಟ್ಟಿ ನಿಂತ್ರೆ ಮಿಕ್ಕೋರ ಕೆಲಸವೂ ಕುಂಟುತ್ತೆ. ಅರೆಬರೆ ನೆರಳು ಬಿದ್ದ ಕಡೆ ಕಾವು ಹೆಚ್ಚಿ ಆ ಸೋಲಾರ್ ಹಲಗೆಯೇ ಹಾಳಾಗಲೂಬಹುದು. ಹಗಲು ಬ್ಯಾಟರಿ ತುಂಬದಿದ್ರೆ ಸಂಜೆ ಕೊಡೋದಾದ್ರೂ ಏನನ್ನ?”

ಅಜ್ಜಿಯ ಮುಖ ಬಿಗಿಯಿತು. “ಅಂದ್ರೆ? ಅವತ್ತು ಮಗುವಿನ ಮೆಷಿನ್ ನಿಲ್ಲೋದಕ್ಕೆ ನಾನು ಕಾರಣ ಅಂತೀಯಾ?”

ಹೌದು ಎನ್ನುವ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ತಡೆದಳು. “ನನ್ನ ಮಾತು ಬಿಡಿ. ನಾಳೆ ಮೀಟಿಂಗು ಇಲ್ಲೇ ಮಾಡಿಸ್ತೀನಿ. ಎಲ್ಲರೂ ದಿನಾ ಹಾಕೋ ಹಾಗೇ ಬಟ್ಟೆ ಹಾಕಿರಲಿ. ನೀವು ಕಣ್ಣಾರೆ ನೋಡಿ. ಆಮೇಲೂ ಜನರೇಟರೇ ಬೇಕು ಅಂದ್ರೆ ನಾನು ತುಟಿ ಬಿಚ್ಚಲ್ಲ. ಯಾರ ಹಾಸಿಗೆ ಅನ್ನೋದೂ ನನ್ನ ಬಾಯಿಂದ ಬರಲ್ಲ.”

ಅಜ್ಜಿ ಹಾಸಿಗೆಯನ್ನು ಮಗುಚಿ ಹಾಕಿ ಮೆಟ್ಟಿಲಿಳಿದರು.

ಭಾನುವಾರ ಎಲ್ಲರೂ ತಾರಸಿಯಲ್ಲಿ ನೆರೆದರು. ಕಟ್ಟಡದ ಸಂಘದ ಅಧ್ಯಕ್ಷರು ಕಸದ ಡಬ್ಬಿಯ ವಿಷಯಕ್ಕೂ ಠರಾವು ಮಂಡಿಸುವವರು. ಹಾಗಾಗಿ ಎಲ್ಲರಿಗೂ ಅವರು ಠರಾವು ತಾತ. ಸೊಸೆ ಅವರನ್ನೇ ಗೋಡೆಯ ಮೇಲಿದ್ದ ಇನ್ವರ್ಟರ್ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು.

“ಈಗ ಎಷ್ಟು ಕರೆಂಟು ಬರ್ತಿದೆ ಅಂತ ಪರದೆ ಮೇಲಿದೆ. ನೀವೇ ಗಟ್ಟಿಯಾಗಿ ಓದಿ ತಾತ. ನಾನು ಓದಿದ್ರೆ ಟೈಲರಣ್ಣ ನಂಬಲ್ಲ.”

ತಾತ ಕನ್ನಡಕ ಏರಿಸಿ ಓದಿದರು. “ಇಂಥ ಸುಡು ಬಿಸಿಲಿಗೆ ಇಷ್ಟೇನಾ? ಇದು ನನ್ನ ಪಿಂಚಣಿಗಿಂತಲೂ ಬಡಕಲಾಗಿದೆ!”

“ಇನ್ನು ಬಟ್ಟೆ ಎತ್ತೋಣ.”

“ತಡಿ ತಡಿ. ಆ ನಡುವಿನ ಹಾಸಿಗೆ ಯಾರದು? ಅದು ಮೊದಲು ದಾಖಲಾಗ್ಲಿ.”

ಟೈಲರ್ ಸೊಸೆಯ ಕಡೆ ತಿರುಗಿದ. “ನಿಂಗೆ ಗೊತ್ತಿರುತ್ತೆ. ಹೇಳಮ್ಮಾ, ಹೇಳು.”

“ನಂಗೆ ಬೇಕಿರೋದು ಬೆಳಕು ಟೈಲರಣ್ಣ. ಹೆಸರು ತಗೊಂಡು ಏನು ಮಾಡ್ಲಿ?”

ಆಗ ಅಜ್ಜಿ ಗುಂಪನ್ನು ಸರಿಸಿಕೊಂಡು ಮುಂದೆ ಬಂದರು. “ದಾಖಲು ಮಾಡ್ಕೊಳ್ಳಿ. ನನ್ನ ಮೊಮ್ಮಗಳ ಹಾಸಿಗೆ. ದಿನಾ ಹಾಕಿದ್ದು ನಾನೇ.” ಹಾಗೆಂದವರೇ ಹಾಸಿಗೆಯನ್ನು ಎತ್ತಿ ಎದೆಗವಚಿಕೊಂಡರು.

“ಏರಿತು!” ಎಂದು ಕೂಗಿದರು ಠರಾವು ತಾತ. “ಇನ್ನೂ ಎತ್ತಿ, ಇನ್ನೂ!”

ಅಜ್ಜಿ ಟೈಲರನನ್ನು ದುರುಗುಟ್ಟಿ ನೋಡಿದರು. “ಆ ಒದ್ದೆ ತುಂಡುಗಳೇನಪ್ಪಾ, ಆಕಾಶದಿಂದ ಉದುರಿದವಾ?”

ನಗೆಯೆದ್ದಿತು. ಟೈಲರ್ ಪೆಚ್ಚುನಗೆ ನಗುತ್ತ ತನ್ನ ಬಟ್ಟೆ ಬಾಚಿಕೊಂಡ. ಹೊದಿಕೆಗಳು ಹೋದವು, ತಂತಿಯ ಮೇಲಿನ ಬಟ್ಟೆಗಳು ಹೋದವು. ಒಂದೊಂದು ನೆರಳು ಸರಿದಾಗಲೂ ತಾತನ ದನಿ ಒಂದೊಂದು ಮೆಟ್ಟಿಲು ಮೇಲೇರಿತು. ಸೊಸೆ ಗಾಜಿನ ಮೇಲೆ ಬೆರಳೆಳೆದು ತೋರಿಸಿದಳು, ಬೆರಳು ಕಪ್ಪಾಗಿತ್ತು.

“ಇದನ್ನೂ ತೊಳೀಬೇಕು. ಬೆಳಿಗ್ಗೆ, ಗಾಜು ಕಾಯೋ ಮೊದಲು. ಬರೀ ನೀರು, ಮೆತ್ತನೆ ಬಟ್ಟೆ. ಪಾತ್ರೆ ಉಜ್ಜೋ ನಾರು ಬೇಡ. ಹಲಗೆ ಮೇಲೆ ಯಾರೂ ಹತ್ತಬಾರದು. ಗಾಜು ಒಡೆದಿದ್ರೆ, ವೈರು ಕಿತ್ತಿದ್ರೆ ಕೈ ಹಾಕ್ಬೇಡಿ, ನನ್ನನ್ನ ಕರೀರಿ.”

“ಎಲ್ಲಾ ಸರಿ,” ಎಂದರು ಅಜ್ಜಿ. “ಮಗುವಿನ ಹಾಸಿಗೆ ಎಲ್ಲಿ ಒಣಗಲಿ? ಅದಕ್ಕೊಂದು ದಾರಿ ಆಗದೆ ನಾನು ಇಲ್ಲಿಂದ ಕದಲಲ್ಲ.”

ಸಭೆಯಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ಅದು. ಒಂದು ಸರಿಯಾದ ಕೆಲಸಕ್ಕಾಗಿ ಇನ್ನೊಂದನ್ನು ಕೈಬಿಡುವುದು ಪರಿಹಾರವಲ್ಲ. ಟೈಲರ್ ತಲೆ ಕೆರೆದುಕೊಂಡ. “ನನ್ನ ಹಳೇ ಕಟಿಂಗ್ ಮೇಜು ಸುಮ್ನೆ ಬಿದ್ದಿದೆ. ಆ ಮೂಲೆಗೆ ಹಾಕಿಕೊಡ್ತೀನಿ ಅಮ್ಮಾ. ಅಲ್ಲಿ ದಿನವೆಲ್ಲ ಬಿಸಿಲು, ಅಲ್ಲಿನ ನೆರಳು ಹಲಗೆ ಮೇಲೆ ಬೀಳಲ್ಲ. ತಂತೀನೂ ಅತ್ತ ಕಡೆಗೇ ಕಟ್ಟೋಣ.”

ಠರಾವು ತಾತ ಗಂಟಲು ಸರಿಮಾಡಿಕೊಂಡರು. “ಸೋಲಾರ್ ಇರಲಿ ಅನ್ನೋರು ಕೈ ಎತ್ತಿ.”

ಕೈಗಳು ಎದ್ದವು. ಅಜ್ಜಿ ಮಾತ್ರ ಎತ್ತಲಿಲ್ಲ. ಎಲ್ಲರೂ ಅವರತ್ತ ನೋಡಿದರು.

“ಏನು ನೋಡ್ತೀರಿ? ಎರಡು ಕೈಯಲ್ಲೂ ಹಾಸಿಗೆ ಇದೆ. ಎತ್ತಿದ್ದಾರೆ ಅಂತ ಬರ್ಕೊಳ್ಳಿ.”

ಮುಂದಿನ ವಾರ ಒಂದು ಸಂಜೆ ಕರೆಂಟು ಹೋಯಿತು. ನೆಬ್ಯುಲೈಸರ್ ನಿಲ್ಲಲಿಲ್ಲ. ಔಷಧಿ ಮುಗಿಯುವವರೆಗೂ ಅಜ್ಜಿ ಯಂತ್ರದ ಪಕ್ಕ ಕದಲದೆ ಕುಳಿತಿದ್ದರು. ಮಗು ನಿರಾಳವಾಗಿ ಉಸಿರೆಳೆದು, ನೀರು ಬೇಕೆಂದು ಕೇಳಿತು. ಕಿಟಕಿ ತೆರೆದೇ ಇತ್ತು.

ಓದುಗರೇ, ಈ ಕಟ್ಟಡದವರನ್ನು ನೋಡಿ ನಕ್ಕು ಪುಟ ತಿರುವಬೇಡಿ. ನಿಮ್ಮ ತಾರಸಿಯ ಮೇಲೆ ಫಲಕಗಳಿದ್ದರೆ, ನಾಳೆ ಮಧ್ಯಾಹ್ನವೇ ಮೇಲೆ ಹೋಗಿ ನೋಡಿ. ಅವುಗಳ ಮೇಲಿನ ಬಟ್ಟೆ ತೆಗೆಯಿರಿ, ನೆರಳು ಸರಿಸಿ, ಧೂಳು ತೊಳೆಯಿರಿ. ತಿಳಿಯದ್ದನ್ನು ತಿಳಿದವರ ಬಳಿ ಕೇಳಿ. ಫಲಕಗಳಿಲ್ಲದೆ ಜನರೇಟರನ್ನೇ ನಂಬಿದ್ದರೆ, ಅದು ಯಾರ ಕಿಟಕಿಯ ಕೆಳಗೆ ಹೊಗೆ ಉಗುಳುತ್ತಿದೆ ಎಂದು ಹೋಗಿ ನೋಡಿ. ಆ ಮನೆಯ ಬಾಗಿಲು ತಟ್ಟಿ, ಒಳಗಿರುವವರು ಹೇಗೆ ಉಸಿರಾಡುತ್ತಿದ್ದಾರೆ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನೆ ಹಿಂದಿರುಗಬೇಡಿ. ನಿಮ್ಮ ಮುಂದಿನ ಸಭೆಯಲ್ಲಿ ಅವರ ಪರವಾಗಿ ಎದ್ದು ನಿಂತು ಮಾತನಾಡಿ.