ಹೆಬ್ಬೆಟ್ಟಿನ ಹಾಳೆಗಳು

ಸಿದ್ದಾಪುರದ ಸುಬ್ಬಿ ಹತ್ತೊಂಬತ್ತು ವರ್ಷದಿಂದ ವಿಶ್ವವಿದ್ಯಾಲಯದ ದಾಖಲೆ ಕೋಣೆಯಲ್ಲಿ ದಿನಗೂಲಿ. ಮಳೆಗಾಲದಲ್ಲಿ ಹಳೆಯ ಕಡತಗಳಿಗೆ ಬೂಸಲು ಹಿಡಿಯದಂತೆ ಹಿಂದಿನ ಶೆಡ್ಡಿನಲ್ಲಿ ಒಲೆ ಉರಿಸಿ, ಒಂದೊಂದೇ ಹಾಳೆಯನ್ನು ಬಾಣಂತಿ ಮನೆಯ ಬಟ್ಟೆಯಂತೆ ಒಣಗಿಸುತ್ತಿದ್ದಳು. ಹೋದ ಆಷಾಢದಲ್ಲಿ ಸೌದೆ ನೆಂದಾಗ ಅಧಿಕಾರಿ ವಿನುತಾ ಒಂದು ಮೂಟೆ ಹಾಜರಿ ಪುಸ್ತಕ ಕೊಟ್ಟು, "ಇವು ಇತಿಹಾಸ ಅಲ್ಲ, ಉರಿಸು" ಅಂದಿದ್ದರು. ಹಾಳೆಗಳಲ್ಲಿ ತನ್ನದೇ ಹೆಬ್ಬೆಟ್ಟು ಕಂಡು ಸುಬ್ಬಿ ನಕ್ಕಿದ್ದಳು.

ಈಗ ಹಳಬರನ್ನು ಕಾಯಂ ಮಾಡುವ ಆದೇಶ ಬಂದಿತ್ತು. ಸುಬ್ಬಿ ಮಗಳ ಹೊಸ ಸೀರೆ ಉಟ್ಟು ವಿನುತಾರ ಕೋಣೆಗೆ ಬಂದಳು.

"ಇಷ್ಟು ವರ್ಷ ದುಡಿದಿದ್ದಕ್ಕೆ ದಾಖಲೆ ಎಲ್ಲಿ?" ಎಂದರು ವಿನುತಾ.

"ಹಾಜರಿ ಪುಸ್ತಕದಲ್ಲಿತ್ತಲ್ಲ ಮೇಡಂ."

"ಅದನ್ನ ನೀನೇ ಸುಟ್ಟೆಯಲ್ಲ."

"ನೀವೇ ಕೊಟ್ರಿ..."

"ಕೊಟ್ಟಿದ್ದಕ್ಕೂ ದಾಖಲೆ ಇಲ್ಲ, ಸುಬ್ಬಿ."

ಗುಮಾಸ್ತ ಲೋಕೇಶ್ ಎದ್ದು ತನ್ನ ಕುರ್ಚಿಯನ್ನು ಮೆಲ್ಲಗೆ ಅವಳತ್ತ ಸರಿಸಿದ. ಅದುವರೆಗೆ ಆ ಕೋಣೆಯಲ್ಲಿ ಯಾರೂ ಅವಳಿಗೆ ಕುರ್ಚಿ ಕೊಟ್ಟಿದ್ದಿಲ್ಲ. ಅವಳು ಕೂರುವಷ್ಟರಲ್ಲಿ ವಿನುತಾ ಕಿಟಕಿಯಾಚೆ ನೋಡಿದರು.

"ಬೆಂಕಿ ಆರುತ್ತೆ, ಹೋಗು. ಕುಲಪತಿಗಳ ಭಾಷಣ ಇನ್ನೂ ಒಣಗಿಲ್ಲ."

ಸುಬ್ಬಿ ಹೋಗಿ ಒಲೆ ಊದಿದಳು.